‘ಗಾಳಿ ಬಿಡಲಾಗುವುದು’ ಅಂತ ಗೇಟಿಗೆ ಬೋರ್ಡ್ ಹಾಕಿದ್ದೀರಾ? ಹಾಗಾದರೆ ಇದನ್ನು ಓದಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈ ಬೋರ್ಡ್ ಕಾಣುತ್ತದೆ. ‘ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಗಾಳಿ ಬಿಡಲಾಗುವುದು.’ ಮೇಲೆ ಕೆಂಪು ಅಕ್ಷರ, ಕೆಳಗೆ ಯಾವುದೋ ಟ್ಯೂಷನ್ ಸೆಂಟರಿನ ಜಾಹೀರಾತು. ನಮ್ಮ ಗೇಟಿಗೂ ಒಂದಿತ್ತು. ಯಾರೋ ಪುಕ್ಕಟೆ ತಂದು ತಂತಿಯಲ್ಲಿ ಕಟ್ಟಿ ಹೋಗಿದ್ದರು. ಎಷ್ಟೋ ವರ್ಷ ಅದು ಸುಮ್ನೆ ನೇತಾಡುತ್ತಿತ್ತು. ಒಂದು ದಿನ ನಾನು ಅದರಲ್ಲಿ ಬರೆದ ಹಾಗೇ ಮಾಡಿಬಿಟ್ಟೆ. ಆಮೇಲೆ ಎರಡು ಸ್ಟೇಷನ್ ಮೆಟ್ಟಿಲು ಹತ್ತಿದೆ, ಕೈಯಿಂದ ದುಡ್ಡು ಕೊಟ್ಟೆ, ಬೀದಿಯವರ ಮುಂದೆ ತಲೆ ತಗ್ಗಿಸಿದೆ. ತಪ್ಪು ಮಾಡಿದವನು ಇನ್ನೊಬ್ಬ, ದಂಡ ಕಟ್ಟಿದವನು ನಾನು.

ನಮ್ಮ ಮನೆ ಇರುವುದು ಬನಶಂಕರಿ ಕಡೆ. ನಾಲ್ಕು ಮನೆ ಆಚೆಗೆ ಒಂದು ಕಲ್ಯಾಣ ಮಂಟಪ. ಛತ್ರದ ಪಕ್ಕ ಮನೆ ಇರುವವರಿಗೆ ಪಂಚಾಂಗ ಬಾಯಿಪಾಠ ಆಗಿರುತ್ತದೆ. ಜಗತ್ತೆಲ್ಲ ಆಷಾಢ ಅಂದರೆ ಮೂಗು ಮುರಿಯುತ್ತದೆ. ನಮಗೆ ಅದೇ ಹಬ್ಬ, ಬೀದಿ ಖಾಲಿ ಖಾಲಿ. ಧನುರ್ಮಾಸ ಇನ್ನೊಂದು ಸುಖ. ಉಳಿದಂತೆ ಲಗ್ನ ಇದ್ದ ದಿನವೆಲ್ಲ ಗೇಟಿನ ಮುಂದೆ ಯಾರದ್ದೋ ಗಾಡಿ. ಛತ್ರಕ್ಕೆ ನೆಲಮಾಳಿಗೆ ಪಾರ್ಕಿಂಗ್ ಇದೆ, ಇಲ್ಲ ಅಂತಲ್ಲ. ಆದರೆ ಅದರಲ್ಲಿ ಅರ್ಧಕ್ಕರ್ಧ ಡೆಕೊರೇಷನ್ ಸಾಮಾನು, ಕುರ್ಚಿ, ಹಳೆಯ ಮಂಟಪದ ಕಂಬ ತುಂಬಿಕೊಂಡಿದೆ.

2024ರ ಡಿಸೆಂಬರ್ ಮೊದಲ ವಾರ. ಧನುರ್ಮಾಸ ಹತ್ತಿರ ಬರುತ್ತಿದ್ದರಿಂದ ಮದುವೆಗಳ ಅವಸರ ಜೋರಾಗಿತ್ತು. ನಮ್ಮ ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಆರೂವರೆಯ ಬ್ಯಾಚ್. ಒಂದು ಮೆಷಿನ್ನಿಗೆ ನಾಲ್ಕು ಗಂಟೆ. ನಮ್ಮದು ಮುಗಿಯುವ ಹೊತ್ತಿಗೆ ಮುಂದಿನ ಬ್ಯಾಚಿನವರು ಹೊರಗೆ ಕಾದು ಕೂತಿರುತ್ತಾರೆ. ಹಾಗಾಗಿ ತಡವಾಗಿ ಹೋದರೆ ಆಚೆ ಕಡೆ ಸಮಯ ಸೇರಿಸಿ ಕೊಡುವುದಿಲ್ಲ, ಅಷ್ಟು ಕಡಿಮೆ ಮಾಡುತ್ತಾರೆ.

ಆ ಗುರುವಾರ ಐದೂವರೆಗೆ ಗೇಟು ತೆಗೆದರೆ ಒಂದು ಬಿಳಿ ಕಾರು. ಹಾಸನದ ಕಡೆಯದು, ಕೆಎ 13. ಗೇಟಿಗೆ ಅಡ್ಡ, ಎಷ್ಟು ಹತ್ತಿರ ಅಂದರೆ ನಾನು ಹೊರಗೆ ಬರಲು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕಾಯಿತು. ಗಾಜಿನ ಮೇಲೆಲ್ಲ ಇಬ್ಬನಿ. ಅಂದರೆ ರಾತ್ರಿ ರಿಸೆಪ್ಷನ್ನಿಗೆ ಬಂದವರು ಛತ್ರದಲ್ಲೇ ಮಲಗಿದ್ದಾರೆ. ಕಾರಿನೊಳಗೆ ಫೋನ್ ನಂಬರ್ ಬರೆದ ಚೀಟಿಯೂ ಇಲ್ಲ.

ಛತ್ರಕ್ಕೆ ಓಡಿದೆ. ಊಟದ ಹಾಲಿನಲ್ಲಿ ಜಮಖಾನದ ಮೇಲೆ ಐವತ್ತು ಜನ ಸಾಲಾಗಿ ಮಲಗಿದ್ದಾರೆ. ಮುಖದ ತುಂಬ ಹೊದಿಕೆ. ಇದರಲ್ಲಿ ಕೆಎ 13 ಯಾರು? ಎಚ್ಚರ ಇದ್ದದ್ದು ಅಡುಗೆಮನೆ ಒಂದೇ. ದೊಡ್ಡ ಬಾಣಲೆಯಲ್ಲಿ ರವೆ ಹುರಿಯುತ್ತಿದ್ದ ಭಟ್ಟರು ನನ್ನ ಅವತಾರ ನೋಡಿ, “ಸ್ವಾಮಿ, ನಾನು ಅಡುಗೆಯವನು. ಕಾಫಿ ಬೇಕಾದರೆ ಕೊಡ್ತೀನಿ, ಕಾರಿನ ವಿಷಯ ನನಗೆ ಗೊತ್ತಿಲ್ಲ” ಅಂದರು. ಮ್ಯಾನೇಜರ್ ಬರುವುದು ಏಳಕ್ಕೆ. ಮೈಕಿನ ರೂಮಿಗೆ ಬೀಗ. ವಾಚ್‌ಮನ್ ಪತ್ತೆಯಿಲ್ಲ. ಹೊರಗೆ ಬಂದು ಕಾರನ್ನು ಅಲುಗಾಡಿಸಿ ನೋಡಿದೆ, ಅಲಾರಾಂ ಕೂಗಲಿ ಅಂತ. ಅದೂ ಕೂಗಲಿಲ್ಲ.

ಅಷ್ಟರಲ್ಲಿ ಆರು ಗಂಟೆ. ಬುಕ್ ಮಾಡಿದ ಕ್ಯಾಬ್ ಎರಡು ಸಲ ಕ್ಯಾನ್ಸಲ್ ಆಯಿತು. ಕೊನೆಗೆ ಮುಖ್ಯರಸ್ತೆಯಿಂದ ಒಂದು ಆಟೋ ಕರೆತಂದೆ. ಅಮ್ಮನಿಗೆ ಮಂಡಿ ಬಗ್ಗುವುದಿಲ್ಲ. ಆಟೋಗೆ ಹತ್ತಿಸುವುದೇ ಹತ್ತು ನಿಮಿಷದ ಕೆಲಸ. ಹೆಂಡತಿ ಜೊತೆಗೆ ಹೋದಳು. “ರೀ, ನೀವು ಇಲ್ಲೇ ಇದ್ದು ಕಾರು ತೆಗೆಸಿಕೊಂಡು ಬನ್ನಿ, ವಾಪಸ್ ಬರೋವಾಗ ಆಟೋದಲ್ಲಿ ಅವರಿಗೆ ಆಗಲ್ಲ” ಅಂದಳು. ಸರಿಯಾದ ಮಾತೇ. ಆದರೆ ನನ್ನನ್ನು ಆ ಕಾರಿನ ಜೊತೆ ಒಂಟಿಯಾಗಿ ಬಿಟ್ಟು ಹೋಗಬಾರದಿತ್ತು.

ನಾನು ಮೂರು ತಪ್ಪು ಮಾಡಿದೆ. ಮೊದಲನೆಯದು, ಒಂದು ಫೋಟೋ ತೆಗೆಯಲಿಲ್ಲ. ಎರಡನೆಯದು, 112ಕ್ಕೆ ಫೋನ್ ಮಾಡಲಿಲ್ಲ. ‘ಬೆಳಿಗ್ಗೆ ಆರಕ್ಕೆ ಪಾರ್ಕಿಂಗ್ ಗಲಾಟೆಗೆ ಯಾರು ಬರುತ್ತಾರೆ’ ಅಂದುಕೊಂಡೆ. ಮೂರನೆಯದು, ಎರಡು ಚಕ್ರದ ವಾಲ್ವ್ ಮುಚ್ಚಳ ತೆಗೆದು, ಮೊಳೆಯ ತುದಿಯಿಂದ ಪಿನ್ ಒತ್ತಿದೆ. ಬುಸ್ ಅಂತ ಗಾಳಿ ಹೋಗುವ ಸದ್ದು ಎರಡು ನಿಮಿಷ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಈಗ ಯೋಚಿಸಿ. ನನಗೆ ಬೇಕಾದದ್ದು ಏನು? ಕಾರು ಅಲ್ಲಿಂದ ಹೋಗಬೇಕು. ನಾನು ಮಾಡಿದ್ದೇನು? ಹೋಗಲಾರದ ಹಾಗೆ ಮಾಡಿದೆ. ಇಷ್ಟು ಸಣ್ಣ ಲೆಕ್ಕ ಹೊಳೆದದ್ದು ಚಕ್ರ ನೆಲಕ್ಕೆ ಕಚ್ಚಿಕೊಂಡ ಮೇಲೆ.

ಕಾರಿನವರು ಬಂದದ್ದು ಎಂಟಕ್ಕೆ. ಪಂಚೆ, ಶಲ್ಯ, ಹಣೆಯಲ್ಲಿ ಕುಂಕುಮ. ಹುಡುಗಿಯ ಸೋದರಮಾವ. ಹುಡುಗಿಯ ಅಜ್ಜಿಯನ್ನು ಗಿರಿನಗರದ ನೆಂಟರ ಮನೆಯಿಂದ ಕರೆತರಲು ಹೊರಟಿದ್ದವರು. ಚಕ್ರ ನೋಡಿ “ಯಾರ್ರೀ ಇದು ಮಾಡಿದ್ದು?” ಅಂತ ಕೂಗಿದರು. ನಾನು ಕಾಯುತ್ತಲೇ ಇದ್ದೆನಲ್ಲ, “ನಾನೇ ಬಿಟ್ಟಿದ್ದು, ಏನೀಗ?” ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅಷ್ಟರಲ್ಲಿ ಮದುವೆ ಮನೆಯ ಹದಿನೈದು ಜನ ಸೇರಿದ್ದರು. ಅವರಲ್ಲಿ ಒಬ್ಬ ಹುಡುಗ ಶೆರ್ವಾನಿ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿಕೊಂಡ.

ಲಗ್ನದ ಹೊತ್ತು. ಅವರು ಚಪ್ಪಟೆ ಚಕ್ರದಲ್ಲೇ ಕಾರನ್ನು ಮೂಲೆಯ ಪಂಕ್ಚರ್ ಅಂಗಡಿಯವರೆಗೆ ಓಡಿಸಿದರು. ಗಾಳಿ ಇಲ್ಲದ ಟ್ಯೂಬ್‌ಲೆಸ್ ಟೈರನ್ನು ಹಾಗೆ ಓಡಿಸಿದರೆ ರಿಮ್ಮಿನ ಅಂಚು ಟೈರಿನ ಪಕ್ಕವನ್ನು ಕತ್ತರಿಸುತ್ತದೆ. ಒಂದು ಟೈರಿನ ಕಥೆ ಮುಗಿದೇ ಹೋಯಿತು. ಅಜ್ಜಿಯನ್ನು ಬೇರೆ ಯಾರೋ ಹೋಗಿ ಕರೆತಂದರಂತೆ. ಅಷ್ಟರಲ್ಲಿ ಧಾರೆ ಆಗಿಹೋಗಿತ್ತು. ಅದನ್ನು ನೆನೆದರೆ ಈಗಲೂ ಒಂಥರಾ ಆಗುತ್ತದೆ. ನಮ್ಮ ಅಮ್ಮನಿಗೆ ಆ ದಿನ ನಾಲ್ಕು ಗಂಟೆಯ ಬದಲು ಮೂರೂಕಾಲು ಗಂಟೆ ಡಯಾಲಿಸಿಸ್ ಸಿಕ್ಕಿತು.

ಮಧ್ಯಾಹ್ನ ಸ್ಟೇಷನ್ನಿನಿಂದ ಫೋನ್. ನಾನು ಧೈರ್ಯವಾಗಿಯೇ ಹೋದೆ, ನ್ಯಾಯ ನನ್ನ ಕಡೆ ಇದೆಯಲ್ಲ ಅಂತ. ಅಲ್ಲಿ ಗೊತ್ತಾದದ್ದು ಇಷ್ಟು. ಗೇಟಿಗೆ ಅಡ್ಡ ನಿಲ್ಲಿಸಿದ್ದು ಟ್ರಾಫಿಕ್ ಸ್ಟೇಷನ್ನಿನ ವಿಷಯ. ಗಾಳಿ ಬಿಟ್ಟದ್ದು ಲಾ ಅಂಡ್ ಆರ್ಡರ್ ಸ್ಟೇಷನ್ನಿನ ವಿಷಯ. ಅವರ ತಪ್ಪಿಗೆ ನನ್ನ ತಪ್ಪು ವಜಾ ಆಗುವುದಿಲ್ಲ. ಎಎಸ್‌ಐ ಸಮಾಧಾನದ ಮನುಷ್ಯ. “ಸಾರ್, ಅವರು ತಪ್ಪು ಮಾಡಿದ್ದಾರೆ, ಒಪ್ಪುತ್ತೀನಿ. ನಿಮ್ಮ ಹತ್ತಿರ ಫೋಟೋ ಇದೆಯಾ?” ಇಲ್ಲ. “112ಕ್ಕೆ ಫೋನ್ ಮಾಡಿದ್ರಾ?” ಇಲ್ಲ. “ಅವರ ಹತ್ತಿರ ವಿಡಿಯೊ ಇದೆ, ನೋಡಿ.” ನೋಡಿದೆ. ನನ್ನ ಬಾಯಿಂದಲೇ ‘ನಾನೇ ಬಿಟ್ಟಿದ್ದು.’ ಹಿಂದೆ ಗೇಟಿನಲ್ಲಿ ಬೋರ್ಡ್ ಕೂಡ ಚೆನ್ನಾಗಿ ಕಾಣುತ್ತಿತ್ತು. ಎಎಸ್‌ಐ ಅದನ್ನೇ ದೊಡ್ಡದು ಮಾಡಿ ತೋರಿಸಿದರು. “ಬರೆದು ಬೇರೆ ಹಾಕಿದ್ದೀರಲ್ಲ ಸಾರ್. ಏನೋ ಸಿಟ್ಟಲ್ಲಿ ಆಯ್ತು ಅಂತ ಹೇಳೋಕೂ ದಾರಿ ಇಲ್ಲ.”

ಗಾಳಿ ಬಿಟ್ಟರೆ ಏನು ಹಾಳಾಯಿತು, ಮತ್ತೆ ತುಂಬಿಸಿಕೊಳ್ಳಬಹುದಲ್ಲ ಅಂತ ನಾನು ವಾದ ಮಾಡಿದೆ. ಆದರೆ ಕಾನೂನಿನ ಪ್ರಕಾರ ಒಬ್ಬರ ವಸ್ತುವನ್ನು ಬೇಕೆಂದೇ ಹಾಳು ಮಾಡುವುದಷ್ಟೇ ಅಲ್ಲ, ಅದರ ಉಪಯೋಗ ಕಡಿಮೆಯಾಗುವಂತೆ ಮಾಡುವುದೂ ಅಪರಾಧವೇ. ಹಳೆಯ ಐಪಿಸಿಯಲ್ಲಿ 425ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 324. ಕೊನೆಗೆ ಮಾತುಕತೆಯಾಗಿ, ಒಂದು ಟೈರಿನ ದುಡ್ಡು 4,200 ರೂಪಾಯಿ ಕೊಟ್ಟು, ಕ್ಷಮೆ ಕೇಳಿ ಬಂದೆ. ಅವರು ಒಂದು ಪೈಸೆ ದಂಡ ಕಟ್ಟಲಿಲ್ಲ. ಅವರ ಕಾರು ನನ್ನ ಗೇಟಿನ ಮುಂದೆ ಇತ್ತು ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿಯೇ ಇರಲಿಲ್ಲವಲ್ಲ. ಆ ವಿಡಿಯೊದಲ್ಲೂ ಕಾರಿನ ಬಾನೆಟ್ ಮಾತ್ರ, ಉಳಿದದ್ದೆಲ್ಲ ನನ್ನ ಮುಖ.

ಹೊರಗೆ ಬಂದಾಗ ಆ ಸೋದರಮಾವ ಹೇಳಿದ ಮಾತು ನನಗೆ ಪೂರ್ತಿ ಬೇರೆ ದಾರಿ ತೋರಿಸಿತು. “ನಿಮ್ಮ ಛತ್ರದ ವಾಚ್‌ಮನ್ನೇ ಇಲ್ಲಿ ಹಾಕಿ ಸಾರ್, ಈ ಮನೆಯವರು ಊರಲ್ಲಿಲ್ಲ ಅಂದ. ನೂರು ರೂಪಾಯಿ ಬೇರೆ ತಗೊಂಡ.” ನನ್ನ ಗೇಟಿನ ಮುಂದಿನ ಜಾಗಕ್ಕೆ ನೂರು ರೂಪಾಯಿ! ಅಕ್ಕಪಕ್ಕ ವಿಚಾರಿಸಿದೆ. ನಮ್ಮ ಸಾಲಿನ ಆರು ಮನೆಗಳೂ ಹೀಗೇ ‘ಊರಲ್ಲಿಲ್ಲದವರು’. ನಾವು ಇಷ್ಟು ವರ್ಷ ಬಂದ ಅತಿಥಿಗಳ ಜೊತೆ ಜಗಳ ಆಡಿದ್ದೇವೆ. ಅವರು ಒಂದು ದಿನ ಬಂದು ಹೋಗುವವರು, ಮತ್ತೆ ಈ ಬೀದಿಗೆ ಬರುವುದೇ ಇಲ್ಲ. ಕಳಿಸುತ್ತಿದ್ದವನು ದಿನಾ ನಮಗೆ ನಮಸ್ಕಾರ ಹೊಡೆಯುತ್ತಿದ್ದ.

ಹಾಗಾಗಿ ಛತ್ರ, ಆಸ್ಪತ್ರೆ, ಹೋಟೆಲ್ ಪಕ್ಕ ಮನೆ ಇರುವವರು ಮೊದಲು ಇದನ್ನು ಪತ್ತೆ ಮಾಡಿ. ಕಾರಿನವರಿಗೆ ಬೈಯುವ ಮುಂಚೆ “ಇಲ್ಲಿ ಹಾಕಿ ಅಂತ ಯಾರು ಹೇಳಿದರು?” ಅಂತ ಕೇಳಿ. ನಾವು ಆರೂ ಮನೆಯವರು ಸಹಿ ಹಾಕಿ ಛತ್ರದ ಮಾಲೀಕರಿಗೆ ಕಾಗದ ಕೊಟ್ಟೆವು, ಒಂದು ಪ್ರತಿ ಟ್ರಾಫಿಕ್ ಸ್ಟೇಷನ್ನಿಗೆ. ಮೊದಲ ಸಲ ಕೊಟ್ಟದ್ದು ಎಲ್ಲೋ ಕಳೆದುಹೋಯಿತು. ಎರಡನೇ ಸಲ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಈಗ ನೆಲಮಾಳಿಗೆ ಖಾಲಿಯಾಗಿದೆ. ರಾತ್ರಿ ಉಳಿಯುವವರ ಗಾಡಿ ನಂಬರ್ ಮತ್ತು ಫೋನ್ ನಂಬರನ್ನು ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾರೆ. ಮೈಕಿನ ರೂಮಿನ ಕೀಲಿ ಅಡುಗೆಯವರ ಹತ್ತಿರವೂ ಒಂದು ಇರುತ್ತದೆ. ಈ ಕೊನೆಯದು ನಾನೇ ಹಟ ಹಿಡಿದು ಮಾಡಿಸಿದ್ದು.

ಕಾನೂನಿನ ಮಾತು ಸ್ವಲ್ಪ, ಯಾಕೆಂದರೆ ಇದರಲ್ಲಿ ನಾವೆಲ್ಲ ತಪ್ಪು ತಿಳಿದಿದ್ದೇವೆ. ಮನೆಯ ಪ್ರವೇಶಕ್ಕೆ ಅಡ್ಡವಾಗಿ ಗಾಡಿ ನಿಲ್ಲಿಸಬಾರದು ಅನ್ನುವುದು 1989ರ ರಸ್ತೆ ನಿಯಮಗಳಲ್ಲೇ ಇತ್ತು, ಅದರ ಜಾಗಕ್ಕೆ ಬಂದ 2017ರ ನಿಯಮಗಳಲ್ಲೂ ಇದೆ. ಅದಕ್ಕೆ ನಿಮ್ಮ ಬೋರ್ಡ್ ಬೇಕಾಗಿಲ್ಲ. ಬೋರ್ಡ್ ಇಲ್ಲದಿದ್ದರೂ ತಪ್ಪು ತಪ್ಪೇ. ಆದರೆ ಕಾಂಪೌಂಡ್ ಗೋಡೆಯ ಮುಂದಿನ ರಸ್ತೆ ನಮ್ಮದಲ್ಲ. ಗೇಟು ಬಿಟ್ಟು ಗೋಡೆ ಪಕ್ಕ ಯಾರಾದರೂ ನಿಲ್ಲಿಸಿದರೆ, ಅಲ್ಲಿ ಪೊಲೀಸರು ನಿಷೇಧ ಮಾಡಿರದಿದ್ದರೆ, ನಾವು ತಂದು ಹಾಕಿದ ‘ನೋ ಪಾರ್ಕಿಂಗ್’ಗೆ ಬೆಲೆ ಇಲ್ಲ. ನಮ್ಮ ಎದುರು ಮನೆಯವರು ಅಜ್ಜಿಯ ಕಾಲದ ಒರಳುಕಲ್ಲನ್ನೇ ರಸ್ತೆಗೆ ತಂದು ಇಟ್ಟಿದ್ದರು, ಪಕ್ಕದಲ್ಲಿ ಸಿಮೆಂಟ್ ತುಂಬಿದ ಎರಡು ಪೇಂಟ್ ಡಬ್ಬ. ಒಂದು ದಿನ ಪಾಲಿಕೆಯವರು ಬಂದು ಎಲ್ಲ ಎತ್ತಿಕೊಂಡು ಹೋದರು. ಒರಳುಕಲ್ಲಿಗಾಗಿ ಅವರು ಇನ್ನೂ ಮರುಗುತ್ತಾರೆ. ರಾತ್ರಿ ಹೊತ್ತು ಬೈಕಿನವರು ಯಾರಾದರೂ ಅದಕ್ಕೆ ಹೊಡೆದಿದ್ದರೆ ಮರುಗುವುದು ಇನ್ನೂ ಜಾಸ್ತಿ ಇರುತ್ತಿತ್ತು.

ಗಾಡಿ ಎಳೆದುಕೊಂಡು ಹೋಗುವುದೂ ನಮ್ಮ ಕೆಲಸವಲ್ಲ. ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ, ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ ಹೇಳಬೇಕು. ಬೆಂಗಳೂರಿನಲ್ಲಿ ಜನರ ಗಲಾಟೆ ಜಾಸ್ತಿಯಾಗಿ 2022ರ ಆರಂಭದಲ್ಲಿ ಟೋಯಿಂಗನ್ನೇ ನಿಲ್ಲಿಸಿದ್ದು ನೆನಪಿರಬಹುದು. ಆಗ ನಾವೆಲ್ಲ ಖುಷಿಪಟ್ಟಿದ್ದೆವು, ಅಲ್ವಾ? ನಾನಂತೂ ಪಟ್ಟಿದ್ದೆ.

ಹಾಗಾದರೆ ಬೆಳಿಗ್ಗೆ ಐದೂವರೆಗೆ ಗೇಟಿಗೆ ಅಡ್ಡ ಕಾರು ಇದ್ದರೆ ಏನು ಮಾಡಬೇಕು? ಮೊದಲು ಫೋಟೋ. ನಂಬರ್ ಪ್ಲೇಟು, ನಿಮ್ಮ ಗೇಟು ಎರಡೂ ಒಂದೇ ಫೋಟೋದಲ್ಲಿ ಬರಬೇಕು, ಬರೀ ಪ್ಲೇಟು ತೆಗೆದರೆ ಪ್ರಯೋಜನವಿಲ್ಲ. ಆಮೇಲೆ 112. ‘ಪಾರ್ಕಿಂಗ್ ತೊಂದರೆ’ ಅನ್ನಬೇಡಿ, ‘ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ದಾರಿ ಕಟ್ಟಿದ್ದಾರೆ’ ಅನ್ನಿ. ಅದು ನಿಜ ಇದ್ದರೆ ಮಾತ್ರ. ಪೊಲೀಸರ ಹೊಯ್ಸಳ ಗಸ್ತು ಗಾಡಿಯವರು ಬಂದರೆ ಮಲಗಿದ ಐವತ್ತು ಜನರೂ ಏಳುತ್ತಾರೆ. ತುರ್ತು ಇಲ್ಲದಿದ್ದರೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪಿನಲ್ಲಿ ಫೋಟೋ ಹಾಕಿ. ಗಾಡಿಯ ದಾಖಲೆ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಮಾಲೀಕರ ಫೋನ್ ನಂಬರ್ ಸಿಗುತ್ತದೆ ಅಂತ ಯಾರೋ ಹೇಳುತ್ತಾರೆ. ಸಿಗುವುದಿಲ್ಲ, ಹೆಸರೂ ಅರ್ಧಂಬರ್ಧ ಚುಕ್ಕಿ ಹಾಕಿ ತೋರಿಸುತ್ತದೆ. ಏನೇ ಆಗಲಿ, ಕಾರನ್ನು ಮುಟ್ಟಬೇಡಿ. ಗೀರಬೇಡಿ, ವೈಪರ್ ಎತ್ತಿ ಮುರಿಯಬೇಡಿ, ಚಕ್ರಕ್ಕೆ ಸರಪಳಿ ಹಾಕಬೇಡಿ. ಗೇಟು ತೆರೆದಿದ್ದಾಗ ಯಾರಾದರೂ ನಿಮ್ಮ ಕಾಂಪೌಂಡಿನ ಒಳಗೇ ತಂದು ನಿಲ್ಲಿಸಿದರೂ (ನಮ್ಮ ಹಿಂದಿನ ರಸ್ತೆಯಲ್ಲಿ ಹಾಗೂ ಆಗಿದೆ) ಗೇಟಿಗೆ ಬೀಗ ಜಡಿದು ‘ನೋಡೋಣ’ ಅಂತ ಕೂರಬೇಡಿ. ಪೊಲೀಸರನ್ನು ಕರೆಯಿರಿ.

ಹಳೆಯ ಬೋರ್ಡನ್ನು ಸ್ಟೇಷನ್ನಿನಿಂದ ಬಂದ ಸಂಜೆಯೇ ಬಿಚ್ಚಿದೆ. ಹೊಸದನ್ನು ಮಗಳು ಬರೆದಳು. ‘ಈ ಮನೆಯಿಂದ ಬೆಳಗಿನ ಜಾವ ಡಯಾಲಿಸಿಸ್‌ಗೆ ಹೋಗಬೇಕು. ದಯವಿಟ್ಟು ದಾರಿ ಬಿಡಿ.’ ಕೆಳಗೆ ಛತ್ರದ ಮ್ಯಾನೇಜರ್ ನಂಬರ್, ಅವರ ಒಪ್ಪಿಗೆ ಕೇಳಿಯೇ ಹಾಕಿದ್ದು. ಅಮ್ಮನಿಗೆ ಮೊದಲು ಇದು ಇಷ್ಟವಾಗಲಿಲ್ಲ. “ನನ್ನ ಕಾಯಿಲೆ ಬೀದಿಗೆಲ್ಲ ಯಾಕೋ ಗೊತ್ತಾಗಬೇಕು?” ಅಂದರು. ಎರಡು ವಾರ ಮುನಿಸಿಕೊಂಡಿದ್ದರು.

ಅದಾದ ಮೇಲೆ ಎರಡೇ ಸಲ ಗೇಟಿಗೆ ಅಡ್ಡ ಗಾಡಿ ನಿಂತಿದೆ. ಒಂದು ಫುಡ್ ಡೆಲಿವರಿ ಹುಡುಗನ ಸ್ಕೂಟರ್, ಎರಡು ನಿಮಿಷ. ಇನ್ನೊಂದು ತುಮಕೂರಿನ ಕಾರು. ಫೋಟೋ ತೆಗೆದು ಛತ್ರಕ್ಕೆ ಹೋದೆ. ಅದೇ ಭಟ್ಟರು ಸೌಟು ಹಿಡಿದುಕೊಂಡೇ ಬಂದು ಮೈಕಿನಲ್ಲಿ “ಕೆಎ ಜೀರೊ ಸಿಕ್ಸ್ ನಂಬರಿನ ಕಾರಿನವರು ದಯಮಾಡಿ ಹೊರಗೆ ಬನ್ನಿ” ಅಂದರು. ಅಷ್ಟು ಹೊತ್ತಿಗೇ ವಾಲಗದವರು ಶುರು ಮಾಡಿಬಿಟ್ಟರು. ಆದರೂ ಆರು ನಿಮಿಷದಲ್ಲಿ ಕಾರು ಹೋಯಿತು. ಆ ದಿನ ಕಾಫಿಯನ್ನೂ ಕುಡಿದು ಬಂದೆ.