ನಾಲ್ಕು ಮಳೆಗಾಲ, ಮೂರು ಸಲ ಮಿಟುಕಿದ ಸ್ಕ್ರೀನ್

ಈ ಲ್ಯಾಪ್‌ಟಾಪ್ ತಗೊಂಡಿದ್ದು 2021ರ ಮಾರ್ಚ್‌ನಲ್ಲಿ. ಆನ್‌ಲೈನ್‌ನಲ್ಲಿ 54,000 ರೂಪಾಯಿ ಬಿತ್ತು. 15.6 ಇಂಚಿನ ಫುಲ್ ಎಚ್‌ಡಿ ಸ್ಕ್ರೀನ್, 11ನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತು ಯಾವ ಬ್ರಾಂಡ್ ಒಳ್ಳೆಯದು ಅನ್ನುವ ಜಗಳಕ್ಕೆ ತಿರುಗುತ್ತದೆ. ನಾನು ಹೇಳಹೊರಟ ತೊಂದರೆ ಯಾರ ಲ್ಯಾಪ್‌ಟಾಪಿಗಾದರೂ ಬರುವಂಥದ್ದು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಟಾರ್ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಪೇಟೆಯ ಏಳೆಂಟು ಅಂಗಡಿ ಮತ್ತು ಎರಡು ಅಡಿಕೆ ಮಂಡಿಗಳ ಲೆಕ್ಕ ಮನೆಯಿಂದಲೇ ಬರೆಯುತ್ತೇನೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್, ಇಷ್ಟೇ ಕೆಲಸ. ದಿನಕ್ಕೆ ಆರೇಳು ಗಂಟೆ ಲ್ಯಾಪ್‌ಟಾಪ್ ತೆರೆದಿರುತ್ತದೆ. ರಿಟರ್ನ್ ಹಾಕಲು ಕೊನೆಯ ದಿನಗಳಾದ ತಿಂಗಳ 11 ಮತ್ತು 20ನೇ ತಾರೀಕು ಹತ್ತಿರ ಬಂದರೆ ರಾತ್ರಿ ಹನ್ನೊಂದಾದರೂ ಮುಚ್ಚುವುದಿಲ್ಲ.

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಕೀಬೋರ್ಡ್ ಗಟ್ಟಿ. ನಂಬರ್ ಕೀಗಳು ಬೇರೆಯಾಗಿಯೇ ಇವೆ, ಲೆಕ್ಕದವರಿಗೆ ಅದು ಬೇಕೇ ಬೇಕು. ಎರಡನೇ ವರ್ಷ ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿಸಿದ ಮೇಲೆ ಟ್ಯಾಲಿ, ಹತ್ತಿಪ್ಪತ್ತು ಬ್ರೌಸರ್ ಟ್ಯಾಬ್ ಎಲ್ಲ ಒಟ್ಟಿಗೆ ಓಡುತ್ತವೆ. ಸ್ಪೀಕರ್ ಮಾತ್ರ ಕೇಳಬೇಡಿ, ಡಬ್ಬದೊಳಗೆ ಜೇನು ಕೂತ ಹಾಗೆ.

ಇನ್ನು ಸ್ಕ್ರೀನ್ ಕಥೆ. ನಾಲ್ಕು ವರ್ಷದಲ್ಲಿ ಮೂರು ಸಲ ಮಿಟುಕಿತು. ಮೂರೂ ಸಲ ಕಾರಣ ಬೇರೆ. ಮೂರೂ ಸಲ ನೋಡಿದವರೆಲ್ಲ ಹೇಳಿದ್ದು ಮಾತ್ರ ಒಂದೇ: "ಡಿಸ್‌ಪ್ಲೇ ಹೋಗಿದೆ, ಬದಲಾಯಿಸಬೇಕು."

ಮೊದಲನೆಯದು ವಿಂಡೋಸ್ 11ಕ್ಕೆ ಏರಿಸಿದ ಮೇಲೆ. ಬೆಳಿಗ್ಗೆ ತೆರೆದರೆ ಸ್ಕ್ರೀನ್ ಎರಡು ಮೂರು ಸೆಕೆಂಡಿಗೊಮ್ಮೆ ಪಿಳಿಪಿಳಿ. ವಾರಂಟಿ ಮುಗಿದು ಒಂದು ತಿಂಗಳೂ ಆಗಿರಲಿಲ್ಲ, ಹೊಟ್ಟೆ ಉರಿಯಿತು. ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನು, "ಅಕ್ಕಾ, ಸುಮ್ನೆ ಗಾಬರಿ ಆಗ್ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತು. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದೂ ಮಿಟುಕುತ್ತಾ ನೋಡು" ಅಂದ.

ಅದರ ಲೆಕ್ಕಾಚಾರ ಹೀಗೆ. ಉಳಿದದ್ದೆಲ್ಲ ಮಿಟುಕಿ ಟಾಸ್ಕ್ ಮ್ಯಾನೇಜರ್ ಮಾತ್ರ ಸುಮ್ಮನಿದ್ದರೆ ಯಾವುದೋ ಆ್ಯಪ್ ಕಿತಾಪತಿ ಮಾಡುತ್ತಿದೆ ಎಂದು ಅನುಮಾನಿಸಬೇಕು. ಟಾಸ್ಕ್ ಮ್ಯಾನೇಜರ್ ಕೂಡ ಜೊತೆಗೆ ಮಿಟುಕಿದರೆ ಡಿಸ್‌ಪ್ಲೇ ಡ್ರೈವರ್, ಅಂದರೆ ಸ್ಕ್ರೀನ್ ನಡೆಸುವ ಸಾಫ್ಟ್‌ವೇರ್ ಕಡೆ ನೋಡಬೇಕು. ನನ್ನದು ಜೊತೆಗೇ ಮಿಟುಕುತ್ತಿತ್ತು. ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಒಂದು ಬೀಪ್, ಸ್ಕ್ರೀನ್ ಒಮ್ಮೆ ಕಪ್ಪು, ಮತ್ತೆ ಬರುತ್ತದೆ. ಅದರಿಂದ ಐದು ನಿಮಿಷ ಸರಿಯಾಗಿ ಮತ್ತೆ ಅದೇ ರಾಗ. ಕೊನೆಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆರೆದು, ಡ್ರೈವರ್ ಟ್ಯಾಬಿನಲ್ಲಿ 'ರೋಲ್ ಬ್ಯಾಕ್' ಒತ್ತಿ ಹಳೆಯ ಡ್ರೈವರಿಗೆ ವಾಪಸ್ ಹೋದೆ. ನಿಂತಿತು. ಎರಡು ತಿಂಗಳ ಮೇಲೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ಹೊಸ ಡ್ರೈವರ್ ಇಳಿಸಿಕೊಂಡೆ, ಏನೂ ಆಗಲಿಲ್ಲ. ಖರ್ಚು ಸೊನ್ನೆ.

ಎರಡನೆಯದು ನಗು ಬರುವ ಕಥೆ. ಡಿಸೆಂಬರ್, ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತು. ಮನೆಯೊಳಗೆ ಅಡಿಕೆ ಸುಲಿಯುವವರು ತುಂಬಿದ್ದರು. ಹಾಗಾಗಿ ನನ್ನ ಮೇಜು ಜಗಲಿಯ ಮೂಲೆಗೆ ಹೋಯಿತು. ಅಲ್ಲಿ ಕೂತ ಎರಡನೇ ದಿನದಿಂದ ಸ್ಕ್ರೀನ್ ಮಂಕಾಗುವುದು, ಒಂದು ಕ್ಷಣ ಕಪ್ಪಾಗುವುದು, ಮತ್ತೆ ಬೆಳಗುವುದು. ಮೆಟ್ಟುಗತ್ತಿ ಮುಂದೆ ಕೂತಿದ್ದ ಒಬ್ಬರು, "ಎಂತ ಅಮ್ಮಾ, ನಿಮ್ ಕಂಪ್ಯೂಟರಿಗೂ ತೂಕಡಿಕೆಯಾ?" ಅಂದರು.

ಟಾಸ್ಕ್ ಮ್ಯಾನೇಜರ್ ತೆರೆದೆ, ಡ್ರೈವರ್ ತಿರುವಿ ಹಾಕಿದೆ, ಎಲ್ಲ ಆಯಿತು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಕಣ್ಣಿಗೆ ಬಿದ್ದದ್ದು ಕೆಳಗಿನ ಮೂಲೆಯ ಸಣ್ಣ ಬ್ಯಾಟರಿ ಚಿತ್ರ. ಸ್ಕ್ರೀನ್ ಮಂಕಾದಾಗಲೆಲ್ಲ ಅದರ ಮೇಲಿನ ಪ್ಲಗ್ ಗುರುತು ಮಾಯ. ಬೆಳಗಿದಾಗ ಮತ್ತೆ ಹಾಜರು. ಅಂದರೆ ಚಾರ್ಜ್ ಬಂದು ಬಂದು ಹೋಗುತ್ತಿದೆ! ಬ್ಯಾಟರಿ ಮೇಲೆ ಓಡುವಾಗ ಬೆಳಕು ಕಡಿಮೆಯಾಗಲಿ ಅಂತ ಸೆಟ್ಟಿಂಗ್ ಇರುತ್ತದಲ್ವಾ, ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಜೊತೆಗೆ ನನ್ನ ಲ್ಯಾಪ್‌ಟಾಪಿನಲ್ಲಿ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವುದು) ಕೂಡ 60 ಹರ್ಟ್ಸ್‌ನಿಂದ 48ಕ್ಕೆ ಇಳಿಯುತ್ತದೆ. ಆ ಬದಲಾವಣೆಗೆ ಒಂದು ಕ್ಷಣ ಕಪ್ಪು. ತಪ್ಪು ಲ್ಯಾಪ್‌ಟಾಪಿನದ್ದೂ ಅಲ್ಲ, ಚಾರ್ಜರಿನದ್ದೂ ಅಲ್ಲ. ಜಗಲಿಯ ಗೋಡೆಯಲ್ಲಿದ್ದ ಮಾವನವರ ಕಾಲದ ಸಾಕೆಟ್ ಸಡಿಲವಾಗಿತ್ತು. ಪ್ಲಗ್ ಅದರಲ್ಲಿ ಜೋತು ಬಿದ್ದಿತ್ತು. ಯಾರಾದರೂ ಅಡಿಕೆ ಚೀಲ ದೊಪ್ಪನೆ ಇಳಿಸಿದರೂ ಸಾಕು, ಅಲ್ಲಾಡುತ್ತಿತ್ತು. ಹೊಸ ಸಾಕೆಟ್, ಎಲೆಕ್ಟ್ರಿಷಿಯನ್ ಸೇರಿ 350 ರೂಪಾಯಿ. ಬಿಚ್ಚಿದಾಗ ಒಳಗೆ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಸ್ಕ್ರೀನ್ ಮಿಟುಕದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಮೂರನೆಯದೇ ನಿಜವಾದ ರೋಗ. 2024ರ ಜುಲೈ. ಮಳೆ ಹಿಡಿದರೆ ನಮ್ಮ ಕಡೆ ಹೇಗೆಂದು ಊರವರಿಗೆ ಹೇಳಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಜೂನ್, ಜುಲೈ, ಆಗಸ್ಟ್‌ನಲ್ಲೇ. ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಗೋಡೆಗೆ ಒರಗಿಸಿಟ್ಟ ಫೈಲಿಗೆ ಬೂಷ್ಟು. ಬಟ್ಟೆ ಒಣಗಬೇಕಾದರೆ ಬಚ್ಚಲೊಲೆ ಹತ್ತಿರವೇ ಹರವಬೇಕು. ಅಂಥ ಹೊತ್ತಲ್ಲಿ ಸ್ಕ್ರೀನಿನಲ್ಲಿ ಹಸಿರು ಗೆರೆ ಬರಲು ಶುರುವಾಯಿತು. ಆಮೇಲೆ ಪಟಪಟ ಮಿಟುಕು. ಆಮೇಲೆ ಪೂರ್ತಿ ಕಪ್ಪು. ಮುಚ್ಚಳ ಸ್ವಲ್ಪ ಹಿಂದೆ ಬಾಗಿಸಿದರೆ ಮತ್ತೆ ಬರುತ್ತದೆ. ಇನ್ನಷ್ಟು ಬಾಗಿಸಿದರೆ ಹೋಗುತ್ತದೆ.

ಎರಡು ಸಲ ಪಾಠ ಕಲಿತಿದ್ದೆನಲ್ಲ, ಈ ಸಲ ನಾನೇ ಪರೀಕ್ಷೆಗೆ ಕೂತೆ. ಆನ್ ಮಾಡುವಾಗ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟಕ್ಕೆ ಹೋದೆ. ಅಲ್ಲಿ ವಿಂಡೋಸ್ ಇಲ್ಲ, ಡ್ರೈವರ್ ಇಲ್ಲ. ಅಲ್ಲೂ ಮಿಟುಕಿತು. ಅಲ್ಲಿಗೆ ಸಾಫ್ಟ್‌ವೇರ್ ಮಾತು ಮುಗಿಯಿತು. ಪ್ಲಗ್ ಕಿತ್ತು ಬ್ಯಾಟರಿ ಮೇಲೆ ಇಟ್ಟೆ, ಆಗಲೂ ಅದೇ. ಹಾಗಾಗಿ ಸಾಕೆಟ್ ಕೂಡ ಅಲ್ಲ. ಆಮೇಲೆ ಎಚ್‌ಡಿಎಂಐ ಕೇಬಲ್ ಹಾಕಿ ಹಾಲ್‌ನಲ್ಲಿದ್ದ ಟಿವಿಗೆ ಜೋಡಿಸಿದೆ. ಟಿವಿಯಲ್ಲಿ ಚಿತ್ರ ನೀಟಾಗಿ ನಿಂತಿತು, ಒಂದು ಗೆರೆ ಇಲ್ಲ. ಗ್ರಾಫಿಕ್ಸ್ ಚಿಪ್ ಚೆನ್ನಾಗಿದೆ ಅಂತ ಆಯಿತು. ಆ ಚಿಪ್ ಕೂತಿರುವ ಮದರ್‌ಬೋರ್ಡ್ ಹೋಗಿದ್ದರೆ ಲ್ಯಾಪ್‌ಟಾಪ್ ಆಸೆ ಬಿಡಬೇಕಿತ್ತು. ಉಳಿದದ್ದು ಎರಡೇ. ಒಂದು ಸ್ಕ್ರೀನ್ ಪ್ಯಾನೆಲ್, ಇನ್ನೊಂದು ಮದರ್‌ಬೋರ್ಡಿನಿಂದ ಅದಕ್ಕೆ ಹೋಗುವ ಕೇಬಲ್. ಮುಚ್ಚಳ ಬಾಗಿಸಿದ ಹಾಗೆ ರೋಗ ಹೆಚ್ಚು ಕಡಿಮೆ ಆಗುವುದರಿಂದ ನನ್ನ ಅನುಮಾನ ಕೇಬಲ್ ಮೇಲೆ.

ಆದರೆ ಅವತ್ತು 20ನೇ ತಾರೀಕು. ಮಂಡಿಯವರ ಜಿಎಸ್‌ಟಿಆರ್-3ಬಿ ರಿಟರ್ನ್ ಹಾಕಲೇಬೇಕು, ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ, ಅದರ ಮೇಲೆ ಸಾಹುಕಾರರ ಮುಖ. ವಿಂಡೋಸ್ ಜೊತೆ ಪಿ ಒತ್ತಿ 'ಸೆಕೆಂಡ್ ಸ್ಕ್ರೀನ್ ಓನ್ಲಿ' ಇಟ್ಟುಕೊಂಡು, ಹಾಲ್‌ನಲ್ಲಿ ಮಣೆ ಹಾಕಿ ಕೂತು 32 ಇಂಚಿನ ಟಿವಿಯಲ್ಲಿ ರಿಟರ್ನ್ ತುಂಬಿದೆ. ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದ ವಾರ ಬೇರೆ, ಮಕ್ಕಳು ಅಕ್ಕಪಕ್ಕ ಕೂತು ಅಡಿಕೆಯ ಟ್ಯಾಕ್ಸ್ ಎಷ್ಟೆಂದು ನೋಡಿದರು. ಅತ್ತೆ ಏಳೂವರೆಗೆ ಬಂದು, "ಎಂತದು ಮಾರಾಯ್ತಿ, ಸೀರಿಯಲ್ ಹೊತ್ತಿಗೆ ನಿಂದು ಲೆಕ್ಕವಾ?" ಅಂತ ಕೇಳಿ, ಐದು ನಿಮಿಷ ಕಾಲಂಗಳನ್ನೇ ನೋಡಿ ಎದ್ದು ಹೋದರು. ಎಂಟೂಕಾಲಿಗೆ ಫೈಲ್ ಆಯಿತು.

ಸರ್ವೀಸ್ ಸೆಂಟರಿಗೆ ಫೋನ್ ಮಾಡಿದಾಗ ನಾನು ಮಾಡಿದ ಪರೀಕ್ಷೆಗಳನ್ನು ಒಂದೊಂದಾಗಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಮೇಡಂ, ಸ್ಕ್ರೀನ್ ಅಸೆಂಬ್ಲಿ ಬದಲಿಸಬೇಕಾಗುತ್ತೆ, 11,500 ಪ್ಲಸ್ ಟ್ಯಾಕ್ಸ್" ಅಂದರು. ಕೇಬಲ್ ಮಾತ್ರ ಬದಲಿಸಬಹುದಾ ಅಂದರೆ, ಬಿಡಿಯಾಗಿ ಬರುವುದಿಲ್ಲವಂತೆ. ಈ ಉತ್ತರಕ್ಕೆ ನಾನು ಒಂದು ಸ್ಟಾರ್ ಕಳೆಯುತ್ತೇನೆ. ಬಿಚ್ಚಿ ನೋಡುವುದಕ್ಕೂ ಮುಂಚೆ ಬಿಲ್ ಬರೆಯುವುದು ನನಗೆ ಒಗ್ಗುವುದಿಲ್ಲ.

ಬುಧವಾರ ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಶಿವಮೊಗ್ಗದ ಬಸ್ ಹತ್ತಿದೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವಷ್ಟೂ ಹೊತ್ತು ಪಕ್ಕದಲ್ಲಿ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ದುರ್ಗಿಗುಡಿ ಹತ್ತಿರ ಮಹಡಿ ಮೇಲಿನ ಒಂದು ಸಣ್ಣ ಅಂಗಡಿ. ಪರಿಚಯದವರು ಹೇಳಿದ್ದರು. ಹುಡುಗನಿಗೆ ಇಪ್ಪತ್ತೈದು ಇರಬಹುದು. ಅವನು ಲ್ಯಾಪ್‌ಟಾಪ್ ಆನ್ ಕೂಡ ಮಾಡಲಿಲ್ಲ, ಮೊದಲು ಮುಚ್ಚಳ ನೋಡಿದ.

"ಅಕ್ಕಾ, ಮುಚ್ಚಳ ಎಲ್ಲಿ ಹಿಡ್ಕೊಂಡು ಎತ್ತೋದು ನೀವು?"

"ಎಡಗಡೆ ಮೂಲೆ."

"ಅಲ್ವಾ ಮತ್ತೆ. ಕೇಬಲ್ ಇರೋದೂ ಅದೇ ಕಡೆ."

ಕೆಳಗಿನ ಸ್ಕ್ರೂಗಳನ್ನು ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತ. ಆಮೇಲೆ ಸ್ಕ್ರೀನ್ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಉಗುರಿನಷ್ಟು ತೆಳ್ಳಗಿನ ಪಟ್ಟಿಯಿಂದ ಟಿಕ್ ಟಿಕ್ ಎನ್ನುತ್ತ ಎಬ್ಬಿಸಿದ. ಕೇಬಲ್ ಅಂದರೆ ಒಂದೇ ವೈರ್ ಅಲ್ಲ, ಕೂದಲೆಳೆಯಂಥ ವೈರುಗಳ ಕಂತೆ, ಕಪ್ಪು ಟೇಪ್ ಸುತ್ತಿದ್ದು. ತುದಿಯಲ್ಲಿ 30 ಪಿನ್ನಿನ ಕನೆಕ್ಟರ್. ಅದು ಎಡಗಡೆ ಹಿಂಜಿನೊಳಗೆ (ಮುಚ್ಚಳ ತಿರುಗುವ ಕೀಲಿನೊಳಗೆ) ನುಗ್ಗಿ ಬರುತ್ತದೆ. ನಾನು ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೆ ಅಷ್ಟೂ ಸಲ ಅದೇ ಜಾಗದಲ್ಲಿ ಬಾಗುತ್ತದೆ. ಒಂದೇ ಮೂಲೆ ಹಿಡಿದು ಎತ್ತಿದರೆ ಆ ಕಡೆಯ ಹಿಂಜಿಗೇ ಭಾರ. ಅವನು ಫೋನಿನ ಟಾರ್ಚ್ ಹಿಡಿದು ತೋರಿಸಿದ. ಹಿಂಜ್ ತಿರುಗುವ ಕಡೆ ಟೇಪ್ ಸವೆದು, ಎರಡು ಎಳೆಯ ತಾಮ್ರ ಮಿಂಚುತ್ತಿತ್ತು. ಇನ್ನೊಂದನ್ನು ನೋಡಿ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಕನೆಕ್ಟರಿನ ಒಂದು ಅಂಚಿನಲ್ಲಿ ಸಾಸಿವೆ ಕಾಳಿನ ಅರ್ಧದಷ್ಟು ಹಸಿರು. ಹಳೆ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕದೆ ಬಿಟ್ಟರೆ ಹತ್ತುತ್ತದಲ್ಲ, ಅದೇ ಕಿಲುಬು.

"ತೀರ್ಥಹಳ್ಳಿ, ಹೊಸನಗರ ಕಡೆ ಮಷಿನ್‌ಗೆ ಇದು ಜಾಸ್ತಿ" ಅಂದ. ಕಿಲುಬು ಹಿಡಿದ ಜಾಗಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಸಣ್ಣ ಬ್ರಷ್‌ನಲ್ಲಿ ಉಜ್ಜಿದ. ಕೇಬಲ್ ಸ್ಟಾಕ್ ಇರಲಿಲ್ಲ. ಮಾಡೆಲ್ ನಂಬರ್ ಅಲ್ಲ, ಕೇಬಲ್ ಮೇಲೇ ಅಂಟಿಸಿದ ಚೀಟಿಯ ಪಾರ್ಟ್ ನಂಬರ್ ಬರೆದುಕೊಂಡು ಬೆಂಗಳೂರಿನಿಂದ ತರಿಸಿದ. ಒಂದೇ ಮಾಡೆಲ್‌ನಲ್ಲೂ ಎರಡು ಮೂರು ತರದ ಕೇಬಲ್ ಇರುತ್ತವಂತೆ, ನೀವೇ ತರಿಸುವುದಾದರೆ ಇದು ನೆನಪಿರಲಿ. ಎಂಟು ದಿನ ಬಿಟ್ಟು ಮತ್ತೆ ಹೋದೆ. ಕೇಬಲ್ 1,100, ಕೂಲಿ 500. ಬಸ್ ಚಾರ್ಜ್ ಸೇರಿಸಿದರೂ ಎರಡು ಸಾವಿರದೊಳಗೆ ಮುಗಿಯಿತು. ಹಳೆ ಕೇಬಲನ್ನು ಕೇಳಿ ತಂದಿದ್ದೇನೆ.

ಆ ಎಂಟು ದಿನ ಟಿವಿಯನ್ನೇ ನೆಚ್ಚಿಕೊಂಡರೆ ಮನೆಯಲ್ಲಿ ಯುದ್ಧ ಆಗುತ್ತಿತ್ತು. ಕಿಲುಬು ತೆಗೆದ ಮೇಲೆ ಒಂದು ಕೋನದಲ್ಲಿ ಸ್ಕ್ರೀನ್ ನಿಲ್ಲುತ್ತಿತ್ತು. ಮುಚ್ಚಳದ ಹಿಂದೆ ಎರಡು ರಶೀದಿ ಪುಸ್ತಕ ಒತ್ತಿ ಇಟ್ಟು, ಮುಟ್ಟದೆ ಕೆಲಸ ಮಾಡಿದೆ. ಹೀಗೆ ತುಂಬಾ ದಿನ ಓಡಿಸಬೇಡಿ ಅಂತ ಹುಡುಗ ಹೇಳಿದ್ದ. ಸವೆದ ಎಳೆಗಳು ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಬೋರ್ಡಿಗೇ ಪೆಟ್ಟು.

ಈಗ ಮುಚ್ಚಳವನ್ನು ನಡುಮಧ್ಯ ಹಿಡಿದು ಎತ್ತುತ್ತೇನೆ. ಮಕ್ಕಳಿಗೂ ಅದೇ ಕಾನೂನು. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ದೊಡ್ಡ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ಆದರೆ ಬಿಸಿ ಆರಿದ ಮೇಲೆಯೇ. ಕಿತ್ತಳೆ ಬಣ್ಣದ ಕಾಳು ತಗೊಳ್ಳಿ. ತೇವ ಹೀರಿದ ಮೇಲೆ ಹಸಿರಾಗುತ್ತದೆ, ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಕೆಲಸ ಇಲ್ಲದ ದಿನವೂ ಒಂದು ಗಂಟೆ ಆನ್ ಮಾಡಿಡುತ್ತೇನೆ, ಒಳಗಿನ ಕಾವಿಗೆ ತೇವ ನಿಲ್ಲುವುದಿಲ್ಲ. ಕೆಲವರು ಬಚ್ಚಲೊಲೆ ಹತ್ತಿರದ ಗೂಡಿನಲ್ಲಿ ಇಡುತ್ತಾರೆ, ಬೆಚ್ಚಗಿರುತ್ತದೆ ಅಂತ. ಹೊಗೆ ಮತ್ತು ಹಬೆ ಎರಡೂ ಫ್ಯಾನಿನೊಳಗೆ ಹೋಗುತ್ತವೆ, ಬೇಡ.

ಇನ್ನೊಂದು ಮಾತು. ಫೋನಿನ ಕ್ಯಾಮೆರಾದಲ್ಲಿ ಸ್ಕ್ರೀನ್ ನೋಡಿದಾಗ ಅಡ್ಡಪಟ್ಟಿ ಓಡುವುದು ಕಂಡರೆ ಹೆದರಬೇಡಿ. ಬೆಳಕು ಕಡಿಮೆ ಮಾಡಲು ಬ್ಯಾಕ್‌ಲೈಟನ್ನು ತುಂಬಾ ವೇಗವಾಗಿ ಆನ್ ಆಫ್ ಮಾಡುವ ಸ್ಕ್ರೀನುಗಳಿವೆ. ನಮ್ಮ ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಅದು ರಿಪೇರಿ ಮಾಡುವ ಕಾಯಿಲೆ ಅಲ್ಲ. ರಾತ್ರಿ ಕೂತಾಗ ನನಗೆ ತಲೆನೋವು ಬರುತ್ತಿತ್ತು, ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸದೆ ಕೋಣೆಯ ಲೈಟ್ ಹಾಕಿಕೊಂಡೆ, ಈಗ ಪರವಾಗಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಕಳೆದದ್ದು ಸರ್ವೀಸ್ ಸೆಂಟರಿನ ಉತ್ತರಕ್ಕೆ, ಅರ್ಧ ಸ್ಪೀಕರಿಗೆ. ಕೇಬಲ್ ಹಾಕಿ ಎಂಟು ತಿಂಗಳಾಯಿತು, ಸ್ಕ್ರೀನ್ ಒಮ್ಮೆಯೂ ಮಿಟುಕಿಲ್ಲ. ಬ್ಯಾಟರಿ ಮಾತ್ರ ಸೋತಿದೆ, ಕರೆಂಟ್ ಹೋದರೆ ಒಂದು ಗಂಟೆ ಹತ್ತು ನಿಮಿಷ ಬರುತ್ತದೆ. ಜೂನ್ ಹಿಡಿಯುವುದರೊಳಗೆ ದುರ್ಗಿಗುಡಿಗೆ ಇನ್ನೊಂದು ಸಲ ಹೋಗಬೇಕು.