ನಾಲ್ಕು ವರ್ಷ ಬಳಸಿದ 110 ಸೆಂ.ಮೀ. ರಿಫ್ಲೆಕ್ಟರ್: ಐದು ಬಣ್ಣದಲ್ಲಿ ದುಡಿಯುವುದು ಯಾವುದು?

ಫೋಟೊ ತೆಗೆಯುವಾಗ ಬೆಳಕನ್ನು ತಿರುಗಿಸಲೋ ಮೆದುವಾಗಿಸಲೋ ಹಿಡಿಯುವ ದುಂಡನೆಯ ಪರದೆ ಈ ರಿಫ್ಲೆಕ್ಟರ್. ಅಂಗಡಿಯಲ್ಲಿ ಇದನ್ನು ‘ಫೈವ್ ಇನ್ ಒನ್’ ಅಂತಲೇ ಕೊಡುತ್ತಾರೆ. ಒಳಗೆ ಬೆಳಕು ಹಾಯುವ ಬಿಳಿ ಬಟ್ಟೆ ಬಿಗಿದ ಉಕ್ಕಿನ ಬಳೆ, ಅದರ ಮೇಲೆ ತಿರುವಿ ಹಾಕುವ ಜಿಪ್ ಗವಸು. ಗವಸಿನಲ್ಲಿ ಬೆಳ್ಳಿ, ಬಂಗಾರ, ಬಿಳಿ, ಕಪ್ಪು. ಪೋರ್ಟ್ರೇಟ್ ಕೆಲಸಕ್ಕೆ ಇಷ್ಟು ದಿನ ಬಳಸಿದ ಮೇಲೆ ಧೈರ್ಯವಾಗಿ ಹೇಳಬಹುದು: ಕೊಟ್ಟ ದುಡ್ಡಿಗೆ ದುಡಿದದ್ದು ಒಳಗಿನ ಬಟ್ಟೆ ಮತ್ತು ಕಪ್ಪು ಬದಿ. ಬಂಗಾರದ ಬದಿ ಇನ್ನೂ ಹೊಸದರಂತೆಯೇ ಇದೆ.

ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಗುಳಿ ಕಪ್ಪಾಗಿ, ಮೂಗಿನ ನೆರಳು ತುಟಿಗೆ ಇಳಿದಾಗ ಗವಸು ಬಿಚ್ಚಿ ಒಳಬಟ್ಟೆಯನ್ನು ಸೂರ್ಯನಿಗೂ ಮುಖಕ್ಕೂ ನಡುವೆ ಹಿಡಿಯಬೇಕು. ತಲೆಯಿಂದ ಒಂದೂವರೆ, ಹೆಚ್ಚೆಂದರೆ ಎರಡು ಅಡಿ. ಫ್ರೇಮಿನೊಳಗೆ ಬರಬಾರದು ಅಷ್ಟೆ. ನಾಲ್ಕು ಅಡಿ ದೂರ ಹೋದರೆ ಮುಖದ ಕಡೆಯಿಂದ ನೋಡಿದಾಗ ಬೆಳಕು ಸೂಸುವ ಬಟ್ಟೆ ಚಿಕ್ಕದಾಗಿ, ನೆರಳಿನ ಅಂಚು ಮತ್ತೆ ಗಡುಸಾಗುತ್ತದೆ. ಬಟ್ಟೆ ಒಂದರಿಂದ ಒಂದೂವರೆ ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಕ್ಯಾಮೆರಾದ ಸೂಕ್ಷ್ಮತೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 2.8 ಇಟ್ಟಾಗ ಬರಿ ಬಿಸಿಲಿಗೆ 1/3200 ಸೆಕೆಂಡ್ ಇದ್ದ ಶಟರ್ 1/1600ಕ್ಕೋ 1/1250ಕ್ಕೋ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಮುಖಕ್ಕೆ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕು) ಏರಿಸಿದಷ್ಟೂ ಬಿಸಿಲಲ್ಲಿರುವ ಹಿನ್ನೆಲೆಯೂ ಏರುತ್ತದೆ. ಹಿಂದೆ ಸುಣ್ಣದ ಗೋಡೆಯಿದ್ದರೆ ವಿವರವೆಲ್ಲ ಹಾರಿಹೋಗುತ್ತದೆ. ಮರದ ನೆರಳೋ ಕತ್ತಲೆಯ ಬಾಗಿಲೋ ಹಿಂದಿರುವ ಜಾಗವನ್ನು ಮೊದಲು ನೋಡಿಕೊಳ್ಳಿ, ಆಮೇಲೆ ಜನರನ್ನು ನಿಲ್ಲಿಸಿ.

ರೇಷ್ಮೆ ಸೀರೆಗಂತೂ ಈ ಬಟ್ಟೆಯ ಬೆಳಕು ವರ. ಸೆರಗಿನ ಜರಿ ಬುಟ್ಟಾ ಎಳೆಎಳೆಯಾಗಿ ಕಾಣುತ್ತದೆ. ಬೆಳ್ಳಿ ಬದಿಯಿಂದ ಬಿಸಿಲು ಹೊಡೆದರೆ ಅದೇ ಬುಟ್ಟಾ ಬರೀ ಬಿಳಿ ಚುಕ್ಕೆ.

ಕಪ್ಪು ಬದಿಯನ್ನು ಅನೇಕರು ತೆಗೆದೇ ನೋಡುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಮೋಡದ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬಿದ್ದು ಮುಖ ದೋಸೆಯಂತೆ ಚಪ್ಪಟೆಯಾಗುತ್ತದೆ. ಆಗ ಒಂದು ಕೆನ್ನೆಯ ಪಕ್ಕ, ಒಂದು ಅಡಿ ದೂರದಲ್ಲಿ ಕಪ್ಪು ಬದಿ ನಿಲ್ಲಿಸಿ. ಆ ಕಡೆಯ ಬೆಳಕು ಕತ್ತರಿಸಿ, ಕೆನ್ನೆಮೂಳೆ, ದವಡೆಯ ಗೆರೆ ಎದ್ದು ಬರುತ್ತವೆ. ಹುಲ್ಲುಹಾಸಿನ ಮೇಲೆ ಕೂತವರ ಗಲ್ಲದ ಕೆಳಗೆ ಹಸಿರು ಛಾಯೆ ಬಂದರೆ ಇದನ್ನೇ ಮುಂದೆ ನೆಲಕ್ಕೆ ಹಾಸಿ. ಎಡಿಟಿಂಗ್‌ನಲ್ಲಿ ಆ ಹಸಿರು ತೆಗೆಯುವುದು ಬಹಳ ರಗಳೆ.

ಬೆಳ್ಳಿ ಬದಿಯನ್ನು ಹತ್ತಿರದಿಂದ ಹಿಡಿದರೆ ಎದುರಿನವರ ಕಣ್ಣಲ್ಲಿ ನೀರು ಬರುತ್ತದೆ. ಎಂಟು ಹತ್ತು ಅಡಿ ಹಿಂದೆ ನಿಂತು, ಎದೆಯ ಮಟ್ಟಕ್ಕಿಂತ ಕೆಳಗಿಳಿಸದೆ ಹಿಡಿಯಿರಿ. ನೆಲದಿಂದ ಬೆಳಕು ಬಂದರೆ ಮೂಗಿನ ನೆರಳು ಮೇಲಕ್ಕೆ ಹೋಗಿ ಮುಖ ವಿಕಾರವಾಗುತ್ತದೆ. ಹತ್ತಿರಕ್ಕೆ ಬಿಳಿ ಬದಿಯೇ ಸರಿ. ಬಂಗಾರದ ಬದಿ ನಮ್ಮ ಗೋಧಿ ಬಣ್ಣದ ಮೈಗೆ ಅರಿಶಿನ ಬಳಿದಂತೆ ಮಾಡುತ್ತದೆ.

ಇನ್ನು ಬಾಳಿಕೆ. 110 ಸೆಂ.ಮೀ. ಬಳೆ ಮೂರು ಸುತ್ತಾಗಿ ಮಡಚಿದರೆ ಸುಮಾರು 40 ಸೆಂ.ಮೀ. ಚೀಲಕ್ಕೆ ಇಳಿಯುತ್ತದೆ. ಎದುರುಬದುರು ಅಂಚು ಹಿಡಿದು, ಒಂದು ಕೈ ಮುಂದಕ್ಕೆ ಒಂದು ಕೈ ಹಿಂದಕ್ಕೆ ತಿರುಚಿ ಒಟ್ಟಿಗೆ ತನ್ನಿ, ತಾನಾಗಿ ಸುತ್ತಿಕೊಳ್ಳುತ್ತದೆ. ಬಲ ಹಾಕಬೇಕಾಯಿತೆಂದರೆ ತಿರುಚಿದ್ದು ತಪ್ಪು. ಹಾಗೆ ಒತ್ತಿ ಮಡಚುತ್ತಿದ್ದರೆ ಬಳೆ ಕರಿದ ಹಪ್ಪಳದಂತೆ ಸೊಟ್ಟಗಾಗಿ ಬೆಳಕು ತೇಪೆತೇಪೆಯಾಗಿ ಬೀಳುತ್ತದೆ. ಬಿಚ್ಚುವಾಗ ಮುಖದಿಂದ ದೂರ ಹಿಡಿಯಿರಿ, ಸ್ಪ್ರಿಂಗ್ ಜೋರಾಗಿ ಸಿಡಿಯುತ್ತದೆ. ಸ್ಟ್ಯಾಂಡಿಗೆ ಹಾಕಿದರೆ ಸಣ್ಣ ಗಾಳಿಗೂ ಹಾಯಿಯಂತೆ ಉಬ್ಬಿ ಬೀಳುತ್ತದೆ, ಮರಳು ಚೀಲ ಕಟ್ಟಲೇಬೇಕು.

ಒದ್ದೆಯಿದ್ದಾಗ ಮಡಚಬೇಡಿ. ಬಳೆಯ ಜೋಡಣೆಯ ಹತ್ತಿರ ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಂದು ಕಲೆ ಇಳಿಯುತ್ತದೆ, ಅದು ತೊಳೆದರೂ ಹೋಗದು. ಮೊದಲು ಕೈಕೊಡುವುದು ಮಾತ್ರ ಜಿಪ್. ಬಿಗಿಯಾದಾಗ ಹಲ್ಲಿಗೆ ಮೇಣದ ಬತ್ತಿ ಉಜ್ಜಿದರೆ ಸಾಕು. ಪೂರ್ತಿ ಹೋದರೆ ದರ್ಜಿ ಹೊಸದು ಹೊಲಿದು ಕೊಡುತ್ತಾರೆ, ಆದರೆ ನೈಲಾನ್ ಹಲ್ಲಿನದನ್ನೇ ಹಾಕಿಸಿ. ಲೋಹದ ಹಲ್ಲು ಮಡಚುವಾಗ ಒಳಬಟ್ಟೆಯನ್ನು ಗೀರುತ್ತದೆ.