ಪುಸ್ತಕದ ಕಪಾಟಿನೊಳಗೆ ಇಡಲು ಯಾವ ಸ್ಪೀಕರ್ ಸರಿ?

ಬುಕ್‌ಶೆಲ್ಫ್ ಸ್ಪೀಕರ್ ಎಂಬ ಹೆಸರಲ್ಲಿ ಮಾರಾಟವಾಗುವ ಪೆಟ್ಟಿಗೆಗಳಲ್ಲಿ ಬಹುಪಾಲು ಪುಸ್ತಕದ ಕಪಾಟಿಗೆಂದು ಮಾಡಿದವಲ್ಲ. ಸ್ಟ್ಯಾಂಡ್ ಮೇಲೆ, ಗೋಡೆಯಿಂದ ಒಂದೆರಡು ಅಡಿ ಮುಂದೆ ನಿಂತಾಗ ದನಿ ಸಮತೂಕವಾಗಿ ಬರುವಂತೆ ಅವುಗಳ ಲೆಕ್ಕಾಚಾರ ಇರುತ್ತದೆ. ಅದೇ ಜೋಡಿಯನ್ನು ಖಾನೆಯೊಳಗೆ ತುರುಕಿದರೆ ಮಾತಿನ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ, ಬೇಸ್ ಗಿಟಾರಿನ ಒಂದೆರಡು ಸ್ವರಗಳು ಮಾತ್ರ ಉಬ್ಬಿಕೊಂಡು ಉಳಿದವನ್ನು ಮುಚ್ಚಿಹಾಕುತ್ತವೆ. ಆಗ ಹೆಚ್ಚಿನವರು ಸ್ಪೀಕರನ್ನೋ ಆಂಪ್ಲಿಫೈಯರನ್ನೋ ದೂರುತ್ತಾರೆ. ತಪ್ಪು ಆಗಿರುವುದು ಆಯ್ಕೆಯಲ್ಲಿ.

ಕಾರಣ ಸರಳ. ಸ್ಪೀಕರು ಮೇಲಿನ ಸ್ವರಗಳನ್ನು ಮುಂದಕ್ಕೆ ಎಸೆಯುತ್ತದೆ, ಕೆಳಗಿನ ಸ್ವರಗಳನ್ನು ಸುತ್ತಲೂ ಹರಡುತ್ತದೆ. 20 ಸೆಂ.ಮೀ. ಅಗಲದ ಪೆಟ್ಟಿಗೆಯಲ್ಲಿ ಈ ಬದಲಾವಣೆ ಆಗುವುದು 600 ಹರ್ಟ್ಸ್ ಆಸುಪಾಸಿನಲ್ಲಿ. ಹಿಂದಕ್ಕೆ ಹೋಗಿ ನಷ್ಟವಾಗುವ ಶಕ್ತಿಯನ್ನು ತುಂಬಿಕೊಡಲು ತಯಾರಕರು ಕ್ರಾಸ್‌ಓವರ್‌ನಲ್ಲೇ, ಅಂದರೆ ಸ್ವರಗಳನ್ನು ಹಂಚಿಕೊಡುವ ಒಳಗಿನ ಸರ್ಕ್ಯೂಟಿನಲ್ಲೇ, ಆ ಕೆಳಗಿನ ಭಾಗವನ್ನು 3ರಿಂದ 6 ಡೆಸಿಬೆಲ್‌ನಷ್ಟು ಎತ್ತಿಟ್ಟಿರುತ್ತಾರೆ. ತುಂಬಿದ ಕಪಾಟಿನಲ್ಲಿ ಪುಸ್ತಕಗಳ ಬೆನ್ನುಗಳೆಲ್ಲ ಸೇರಿ ಸ್ಪೀಕರಿನ ಮುಖದ ಸುತ್ತ ಗೋಡೆಯಂತೆ ನಿಲ್ಲುವುದರಿಂದ ಹಿಂದಕ್ಕೆ ಏನೂ ಹೋಗುವುದಿಲ್ಲ. ತಯಾರಕರು ಎತ್ತಿಟ್ಟದ್ದು ಪೂರ್ತಿ ಹೆಚ್ಚುವರಿಯಾಗಿ ಕಿವಿಗೆ ಬೀಳುತ್ತದೆ. ಹಾಗಾಗಿ ಕಪಾಟಿಗೆ ಬೇಕಾದದ್ದು ಕಾಗದದ ಮೇಲೆ ಬೇಸ್, ಅಂದರೆ ಕೆಳಗಿನ ಸ್ವರ, ಕಡಿಮೆ ಇರುವ ಸ್ಪೀಕರು. ಎಷ್ಟು ಕೆಳಗಿನ ಸ್ವರದವರೆಗೆ ಇಳಿಯುತ್ತದೆ ಎಂಬುದಕ್ಕೆ ವಿವರಪಟ್ಟಿಯಲ್ಲಿ 45 ಹರ್ಟ್ಸ್ ಎಂದಿರುವುದಕ್ಕಿಂತ 65 ಅಥವಾ 75 ಹರ್ಟ್ಸ್ ಎಂದಿರುವುದೇ ಇಲ್ಲಿ ಹೆಚ್ಚಿನ ಸಲ ಗೆಲ್ಲುತ್ತದೆ.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಖಾನೆಯ ಒಳ ಆಳ ಅಳೆಯಿರಿ. ಸಾಮಾನ್ಯ ಕಪಾಟಿನ ಹೊರ ಆಳ 28ರಿಂದ 30 ಸೆಂ.ಮೀ., ಹಿಂಬದಿಯ ಹಲಗೆ ಕಳೆದರೆ ಒಳಗೆ ಸಿಗುವುದು 26-28. ಸ್ಪೀಕರಿನ ಆಳಕ್ಕೆ ವೈರ್ ಜೋಡಿಸುವ ಟರ್ಮಿನಲ್‌ಗಳನ್ನೂ ಸೇರಿಸಿ ನೋಡಬೇಕು. ವೈರಿನ ತುದಿಗೆ ನೇರವಾದ ಬನಾನಾ ಪ್ಲಗ್ ಹಾಕಿದರೆ ಇನ್ನೂ 4-5 ಸೆಂ.ಮೀ. ಹೋಯಿತು. ಜಾಗ ಬಿಗಿಯಾಗಿದ್ದರೆ ಪಕ್ಕಕ್ಕೆ ಬಾಗಿದ ಪ್ಲಗ್ ಕೊಳ್ಳಿ, ಇಲ್ಲವೇ ತುದಿ ಸುಲಿದ ವೈರನ್ನೇ ಬಿಗಿಯಿರಿ. ದನಿಯಲ್ಲಿ ವ್ಯತ್ಯಾಸವೇನೂ ಆಗದು.

ಎರಡನೆಯದು ಪೋರ್ಟ್, ಅಂದರೆ ಪೆಟ್ಟಿಗೆಯ ಗಾಳಿಕೊಳವೆ. ಹಿಂದೆ ಪೋರ್ಟ್ ಇದ್ದರೆ ಅದರ ಬಾಯಿಯ ಹಿಂದೆ ಕನಿಷ್ಠ ಆ ಬಾಯಿಯ ಅಗಲದಷ್ಟು, ಸಾಧ್ಯವಾದರೆ ಅದರ ಎರಡರಷ್ಟು ಖಾಲಿ ಜಾಗ ಬೇಕು. ಅಷ್ಟು ಬಿಟ್ಟರೂ ಖಾನೆಯೊಳಗಿನ ಗಾಳಿ ಪೋರ್ಟಿನ ಜೊತೆ ಸೇರಿ ಗುಂಯ್‌ಗುಡುವ ಅಪಾಯ ಉಳಿದೇ ಇರುತ್ತದೆ. ಮುಂಭಾಗದಲ್ಲಿ ಪೋರ್ಟ್ ಇರುವುದು ವಾಸಿ. ಪೋರ್ಟೇ ಇಲ್ಲದ ಮುಚ್ಚಿದ ಪೆಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಮುಚ್ಚಿದ ಪೆಟ್ಟಿಗೆಯಲ್ಲಿ ಬೇಸ್ ಆಕ್ಟೇವ್‌ಗೆ (ಹರ್ಟ್ಸ್ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ, ಪೋರ್ಟ್ ಇದ್ದರೆ 24ರಂತೆ ಕಡಿದಾಗಿ ಬೀಳುತ್ತದೆ. ಆ ಮೆಲ್ಲಗಿನ ಇಳಿಜಾರಿನ ಮೇಲೆ ಕಪಾಟು ತನ್ನ ಪಾಲನ್ನು ಸೇರಿಸಿದಾಗ ಮೊತ್ತ ಸರಿಹೋಗುತ್ತದೆ. 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-1 ಸಣ್ಣ ಪೆಟ್ಟಿಗೆಯಿಂದ ಆಳವಾದ ಬೇಸ್ ತೆಗೆದದ್ದು ಈ ಮುಚ್ಚಿದ ವಿನ್ಯಾಸದಿಂದಲೇ.

ಈಗ ಮಾದರಿಗಳು. ಬಿಬಿಸಿ ವಿನ್ಯಾಸಗೊಳಿಸಿದ ಎಲ್‌ಎಸ್3/5ಎ ಹುಟ್ಟಿದ್ದೇ ಇಕ್ಕಟ್ಟಿನ ಜಾಗಕ್ಕಾಗಿ, ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ. ಮುಚ್ಚಿದ ಪೆಟ್ಟಿಗೆ, ಎತ್ತರ ಸುಮಾರು 30, ಅಗಲ 19, ಆಳ 16 ಸೆಂ.ಮೀ. ಇದೇ ಅಳತೆಯಲ್ಲಿ ಇಂದಿಗೂ ಹಲವು ಕಂಪನಿಗಳು ಇದನ್ನು ಮಾಡುತ್ತಿವೆ. ಮನುಷ್ಯರ ದನಿ ಇದರಲ್ಲಿ ಕೇಳುವಷ್ಟು ಸಹಜವಾಗಿ ಇದರ ಗಾತ್ರದ ಬೇರೆ ಪೆಟ್ಟಿಗೆಗಳಲ್ಲಿ ಕೇಳುವುದು ಅಪರೂಪ. ಆದರೆ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಹೊರಡುವ ದನಿಯ ಜೋರು, 82-83 ಡೆಸಿಬೆಲ್ ಮಾತ್ರ, ಚಿಕ್ಕ ಆಂಪ್ಲಿಫೈಯರಿಗೆ ಉಸಿರುಗಟ್ಟುತ್ತದೆ. 40-50 ವ್ಯಾಟ್‌ನದು ಬೇಕು. ಜೋರಾಗಿ ಕೇಳುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಕ್ಯೂ ಅಕೌಸ್ಟಿಕ್ಸ್ 3010ಐ ಹಿಂಬದಿಯ ಪೋರ್ಟಿನದು, ಆದರೂ ಈ ಕೆಲಸಕ್ಕೆ ನಮ್ಮ ಮೊದಲ ಶಿಫಾರಸುಗಳಲ್ಲಿ ಒಂದು. ಎತ್ತರ 25, ಅಗಲ 15, ಆಳ 25 ಸೆಂ.ಮೀ., ಕೆಳಗಿನ ಸ್ವರಗಳನ್ನು ನುಡಿಸುವ ವೂಫರ್ 10 ಸೆಂ.ಮೀ. ಜೊತೆಗೆ ಕೊಡುವ ಸ್ಪಂಜಿನ ಬಿರಡೆಯನ್ನು ಪೋರ್ಟಿಗೆ ತುರುಕಿದರೆ ಉಬ್ಬು ತಕ್ಷಣ ಇಳಿಯುತ್ತದೆ. ಒಳ ಆಳ 26 ಇರುವ ಖಾನೆಯಲ್ಲಿ ಹಿಂದೆ ವೈರಿಗೆ ಜಾಗ ಬಿಟ್ಟರೆ ಇದರ ಮುಖ ಒಂದೆರಡು ಸೆಂ.ಮೀ. ಹೊರಗೆ ಬಂದೀತು, ಅದರಿಂದ ತೊಂದರೆಯಿಲ್ಲ. ಇದರ ಅಣ್ಣ 3020ಐಗೆ 28 ಸೆಂ.ಮೀ. ಆಳ ಬೇಕು. ಕಪಾಟು ಆಳವಾಗಿದ್ದರೆ ಮಾತ್ರ ಅದರ ಯೋಚನೆ ಮಾಡಿ.

ಎಲಾಕ್ ಡೆಬ್ಯು ಬಿ5.2ರ ಪೋರ್ಟ್ ಮುಂದಿದೆ, ಆಳ 23.4 ಸೆಂ.ಮೀ. ಕೇಳಲು ಇದೇ ಉತ್ತರ ಎನಿಸುತ್ತದೆ, ಆದರೆ ಎತ್ತರ 34 ಸೆಂ.ಮೀ. ದಾಟುವುದರಿಂದ ಬಹಳಷ್ಟು ಖಾನೆಗಳಿಗೆ ಹಿಡಿಸುವುದಿಲ್ಲ. ಹಿಡಿಸಿದರೂ ಕೆಳಗಿನ ಸ್ವರಗಳು ಧಾರಾಳ, ಆಂಪ್ಲಿಫೈಯರಿನಲ್ಲಿ ಬೇಸ್ ತಗ್ಗಿಸುವ ತಿರುಗಣೆ ಇರಲೇಬೇಕು.

ಕೆಇಎಫ್ ಎಲ್‌ಎಸ್50 ಮೆಟಾ ಬಗ್ಗೆ ನಮ್ಮ ಅಭಿಪ್ರಾಯ ಬೇರೆ. ಸ್ಪೀಕರು ಅದ್ಭುತ, ಆದರೆ ಅದರ ಬಾಗಿದ ಮುಂಭಾಗ ಸುತ್ತಲೂ ಬಯಲಿರುವಾಗ ಕೆಲಸ ಮಾಡಲೆಂದು ರೂಪಿಸಿದ್ದು. ಆಳ 28 ಸೆಂ.ಮೀ., ತೂಕ ಒಂದೊಂದೂ 7.8 ಕಿಲೋ, ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 3.5 ಓಮ್‌ವರೆಗೆ ಇಳಿಯುವುದರಿಂದ ಗಟ್ಟಿ ಆಂಪ್ಲಿಫೈಯರೂ ಬೇಕು. ಇಷ್ಟೆಲ್ಲ ಕೊಟ್ಟು ಅದನ್ನು ಖಾನೆಯಲ್ಲಿ ಕೂರಿಸುವುದು ನಷ್ಟದ ಬಾಬತ್ತು. ಅದೇ ಕಂಪನಿಯ ಎಲ್‌ಎಸ್‌ಎಕ್ಸ್ 2 ಇಲ್ಲಿ ಹೆಚ್ಚು ಜಾಣ ಆಯ್ಕೆ: 24 ಸೆಂ.ಮೀ. ಎತ್ತರ, 18 ಆಳ, ಆಂಪ್ಲಿಫೈಯರ್ ಒಳಗೇ ಇದೆ. ಗೋಡೆಗೆ ಹತ್ತಿರ ಇಟ್ಟಾಗ, ಮೇಜಿನ ಮೇಲೆ ಇಟ್ಟಾಗ ಎಷ್ಟು ತಗ್ಗಿಸಬೇಕೆಂದು ಫೋನಿನ ಆ್ಯಪ್‌ನಲ್ಲೇ ಹೊಂದಿಸಬಹುದು. ವೈರ್‌ಲೆಸ್ ಎಂದರೂ ಎರಡಕ್ಕೂ ಕರೆಂಟಿನ ವೈರ್ ಬೇಕೇ ಬೇಕು, ಆದ್ದರಿಂದ ಕಪಾಟಿನ ಹಿಂಬದಿಗೆ ತೂತು ಕೊರೆಯಲು ಸಿದ್ಧರಿರಿ. ಒಳಗೆ ಆಂಪ್ಲಿಫೈಯರ್ ಇರುವ ಯಾವುದೇ ಸ್ಪೀಕರಿನ ಹಿಂದೆ ಬಿಸಿಗಾಳಿ ಹೊರಗೆ ಹೋಗಲು ದಾರಿ ಬಿಡಬೇಕು, ಅಲ್ಲಿ ಏನನ್ನೂ ಒತ್ತಿ ತುಂಬಬಾರದು.

ಆಯ್ಕೆ ಮುಗಿದ ಮೇಲೆ ಕೂರಿಸುವ ಕೆಲಸ ಇದೆ, ದನಿಯ ಅರ್ಧ ಭಾಗ ಇದರಲ್ಲೇ ಅಡಗಿದೆ. ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಸಮವಾಗಿ ಅಥವಾ 1-2 ಸೆಂ.ಮೀ. ಮುಂದೆ ಇರಲಿ. ಒಳಕ್ಕೆ ಸರಿದಿದ್ದರೆ ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರಿನ ದನಿ ಮೇಲಿನ ಹಲಗೆಗೂ ಪಕ್ಕಕ್ಕೂ ಬಡಿದು ನೇರ ದನಿಯ ಬೆನ್ನಿಗೇ ಕಿವಿ ತಲುಪುತ್ತದೆ, ಸಿಂಬಲ್‌ನ ಹೊಳಪು ಮಸುಕಾಗುತ್ತದೆ, ಹಾಡುಗಾರರು ಎಲ್ಲಿ ನಿಂತಿದ್ದಾರೆಂದು ತಿಳಿಯುವುದಿಲ್ಲ. ಸುತ್ತ ಖಾಲಿ ಜಾಗವನ್ನೂ ಬಿಡಬೇಡಿ. 30 ಸೆಂ.ಮೀ. ಆಳದ ಖಾಲಿ ಗೂಡು 285 ಹರ್ಟ್ಸ್ ಸುಮಾರಿಗೆ ತಾನೇ ದನಿಗೂಡುತ್ತದೆ, ಡಬ್ಬದ ದನಿ ಹುಟ್ಟುವುದು ಅಲ್ಲಿಂದ. ಎರಡೂ ಪಕ್ಕ ಪುಸ್ತಕ ಜೋಡಿಸಿ, ಅವುಗಳ ಬೆನ್ನೂ ಅಂಚಿಗೆ ಸಮವಾಗಿ ಬರಲಿ. ಮೇಲೆ ಉಳಿದ ಸಂದಿಗೆ ಅಡ್ಡ ಮಲಗಿಸಿದ ಪುಸ್ತಕ ಸಾಕು. ಹಿಂದೆ ಉಳಿದ ಜಾಗಕ್ಕೆ, ಆಂಪ್ಲಿಫೈಯರ್ ಒಳಗಿಲ್ಲದ ಪೆಟ್ಟಿಗೆಯಾದರೆ, ಮಡಿಸಿದ ಹಳೆ ಕಂಬಳಿ ಸಾಕು. ಪೋರ್ಟ್ ತೆರೆದಿಟ್ಟಿದ್ದರೆ ಅದರ ಬಾಯಿ ಬಿಟ್ಟು ತುಂಬಿ.

ಜೋಡಿಯ ನಡುವೆ ಒಂದೂವರೆ ಮೀಟರಿಗಿಂತ ಕಡಿಮೆ ಅಂತರ ಇರಬಾರದು. 80 ಸೆಂ.ಮೀ. ಅಗಲದ ಒಂದೇ ಕಪಾಟಿನಲ್ಲಿ ಎರಡನ್ನೂ ಇಟ್ಟರೆ ಸ್ಟೀರಿಯೋ ಎಂಬುದೇ ಇರುವುದಿಲ್ಲ. ಹಲಗೆಯ ಮಧ್ಯೆ ಇಡುವ ಬದಲು ಪಕ್ಕದ ಕಂಬದ ಹತ್ತಿರ ಇಡಿ. ಮಧ್ಯದಲ್ಲಿ ಹಲಗೆ ಹೆಚ್ಚು ಅದುರುತ್ತದೆ, ತೂಕಕ್ಕೆ ಬಾಗುವುದೂ ಅಲ್ಲೇ. ಹಲಗೆಯನ್ನು ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳಾಗಿ ಮೊಳಗಿದರೆ ಸ್ಪೀಕರಿನ ಕೆಳಗೆ ನಾಲ್ಕು ಮೂಲೆಗೂ ಮೆತ್ತನೆಯ ರಬ್ಬರ್ ಗುಬುಟು ಹಾಕಿ. ಚೂಪು ಮೊಳೆಗಾಲು ಇಲ್ಲಿ ಬೇಡವೇ ಬೇಡ, ಅದು ಅದುರುವಿಕೆಯನ್ನು ನೇರವಾಗಿ ಹಲಗೆಗೆ ದಾಟಿಸುತ್ತದೆ.

ಕುಳಿತಾಗ ಕಿವಿ ನೆಲದಿಂದ 90-100 ಸೆಂ.ಮೀ. ಎತ್ತರದಲ್ಲಿರುತ್ತದೆ. ಟ್ವೀಟರ್ ಆ ಮಟ್ಟಕ್ಕೆ ಬರುವ ಖಾನೆಯನ್ನೇ ಆರಿಸಿ. ಮೇಲಿನ ಖಾನೆ ಮಾತ್ರ ಸಿಕ್ಕಿದರೆ ಸ್ಪೀಕರನ್ನು ತಲೆಕೆಳಗಾಗಿ ನಿಲ್ಲಿಸಿ, ಟ್ವೀಟರ್ ಕೆಳಗೆ ಬರುತ್ತದೆ. ಎತ್ತರ ಸಾಲದೆಂದು ಅಡ್ಡ ಮಲಗಿಸುವವರಿದ್ದಾರೆ. ವೂಫರ್, ಟ್ವೀಟರ್ ಬೇರೆಬೇರೆ ಇರುವ ಪೆಟ್ಟಿಗೆಯಲ್ಲಿ ಹೀಗೆ ಮಾಡಿದರೆ ತಲೆ ಸ್ವಲ್ಪ ಆಚೀಚೆ ಆದರೂ 2-3 ಕಿಲೋಹರ್ಟ್ಸ್ ಭಾಗ ಏರುಪೇರಾಗುತ್ತದೆ. ಕೆಇಎಫ್‌ನಂತೆ ಟ್ವೀಟರನ್ನು ವೂಫರಿನ ನಡುವೆಯೇ ಕೂರಿಸಿದ ಮಾದರಿಗಳಿಗೆ ಈ ತೊಂದರೆ ಇಲ್ಲ.

ಇಷ್ಟಾದರೂ ದನಿ ದಪ್ಪ ಎನಿಸಿದರೆ ಮೊದಲು ಪೋರ್ಟ್ ಮುಚ್ಚಿ. ಬಿರಡೆ ಇಲ್ಲದಿದ್ದರೆ ಸುರುಳಿ ಸುತ್ತಿದ ಕಾಲುಚೀಲ ಅದೇ ಕೆಲಸ ಮಾಡುತ್ತದೆ. ಆಮೇಲೆ ಬೇಸ್ ತಿರುಗಣೆಯನ್ನು 2-3 ಡೆಸಿಬೆಲ್ ಇಳಿಸಿ. ಸ್ವರಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್ ಇದ್ದರೆ 150ರಿಂದ 300 ಹರ್ಟ್ಸ್ ನಡುವೆ ಅಷ್ಟೇ ಕಡಿಮೆ ಮಾಡಿ. ಎಲ್ಲಿ ಉಬ್ಬಿದೆ ಎಂದು ನಿಖರವಾಗಿ ನೋಡಬೇಕಿದ್ದರೆ ರೂಮ್ ಈಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವೂ ಯುಎಸ್‌ಬಿ ಅಳತೆ ಮೈಕೂ ಸಾಕು. ಪೋರ್ಟ್ ಮುಚ್ಚಿದ ಮೇಲೆ ತೀರಾ ಕೆಳಗಿನ ಸ್ವರ ಬೇಕೆನಿಸಿದರೆ ನೆಲದ ಮೇಲೆ ಒಂದು ಸಣ್ಣ ಸಬ್‌ವೂಫರ್ (ತೀರಾ ಕೆಳಗಿನ ಸ್ವರಗಳಿಗೆಂದೇ ಇರುವ ಪೆಟ್ಟಿಗೆ) ಇಟ್ಟು, 80 ಹರ್ಟ್ಸ್‌ಗಿಂತ ಕೆಳಗಿನದು ಅದಕ್ಕೆ ಹೋಗುವಂತೆ ಜೋಡಿಸಿ. ಅದನ್ನು ಮಾತ್ರ ಕಪಾಟಿನ ಕೆಳಗಿನ ಖಾನೆಯಲ್ಲಿ ಇಡಲೇಬೇಡಿ, ಮೇಲಿನ ಹಲಗೆಗಳೆಲ್ಲ ಸದ್ದು ಮಾಡತೊಡಗುತ್ತವೆ.